ದ್ವಿಚಂದ್ರದರ್ಶನ

ಮನುಷ್ಯನ ಅವಯವಗಳಲ್ಲಿ ಕಣ್ಣಿಗೆ ಇರುವಷ್ಟು ಮಾತು ನಾಲಗೆಗೂ ಇಲ್ಲವೆಂಬುದಕ್ಕೆ ನಮ್ಮ ಭಾಷೆಯೇ ಸಾಕ್ಷಿ. ಸಿಟ್ಟು ಬಂದವನು ಕಣ್ಣು ಕೆಂಪಗೆ ಮಾಡುತ್ತಾನೆ, ಬೆರಗಾದವನು ಕಣ್ಣರಳಿಸುತ್ತಾನೆ, ದಿಕ್ಕು ತೋಚದವನು ಕಣ್ಣು ಕಣ್ಣು ಬಿಡುತ್ತಾನೆ, ಸೊಕ್ಕಿದವನ ಕಣ್ಣು ನೆತ್ತಿಗೇರುತ್ತದೆ. ಉಪಾಧ್ಯಾಯನಿಗಂತೂ ಕಣ್ಣು ಬೆತ್ತಕ್ಕಿಂತ ದೊಡ್ಡ ಆಯುಧ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರಿಗೆ ಶಬ್ದರೂಪಗಳನ್ನೂ ಧಾತುರೂಪಗಳನ್ನೂ ಕಲಿಸಿದ ನಾನು ಬೆತ್ತವನ್ನು ಹಿಡಿದುದು ಕಡಿಮೆ. ಹಿಂದಿನ ಬೆಂಚಿನ ಕಡೆಗೆ ಒಂದು ನೋಟವನ್ನು ಹಾಯಿಸಿದರೆ ಗದ್ದಲ ನಿಲ್ಲುತ್ತಿತ್ತು. ಕಣ್ಣು ಮನಸ್ಸಿನ ಕನ್ನಡಿಯೆಂದು ಹೇಳುವುದನ್ನು ಆ ಕಾಲದಲ್ಲಿ ನಾನೂ ಶಂಕಿಸಿರಲಿಲ್ಲ. ಕನ್ನಡಿಯು ತನ್ನಷ್ಟಕ್ಕೆ ತಾನೇ ಬಾಗಿಹೋದರೆ, ಒಳಗೆ ಇಲ್ಲದ ಕೋಪವನ್ನು ಹೊರಗೆ ತೋರಿಸತೊಡಗಿದರೆ, ಎದುರಿಗಿರುವ ಒಂದು ವಸ್ತುವನ್ನು ಎರಡಾಗಿ ಕಾಣಿಸಿದರೆ, ಆ ಕನ್ನಡಿಯ ಒಡೆಯನು ಹೇಗೆ ಬಾಳಬೇಕು? ನಿವೃತ್ತಿಯ ಬಳಿಕ ನನಗೆ ಒದಗಿದ ಪಾಠ ಇದು. ಇದೇ ಬೇನೆಯುಳ್ಳವರು ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳಲ್ಲಿಯೂ ಇರಬಹುದಾದುದರಿಂದ, ತಿಳಿದಷ್ಟನ್ನು ವಾಚಕರ ಮುಂದಿಡುವುದು ಉಚಿತವೆಂದು ಎಣಿಸಿದ್ದೇನೆ.

೨೦೧೯ರಲ್ಲಿ ಕುಂದಾಪುರದ ಶಾಲೆಯ ಕೆಲಸ ಮುಗಿಸಿ ಬೈಂದೂರಿನ ಸಮೀಪದ ಹುಟ್ಟೂರಿಗೆ ಬಂದು ನೆಲಸಿದೆನು. ೨೦೨೧ರ ಮಳೆಗಾಲ ಕಳೆಯುತ್ತಿದ್ದಂತೆ ಶರೀರದೊಳಗೆ ವಿಚಿತ್ರವಾದ ಆತುರವೊಂದು ಹೊಕ್ಕಿತು. ಸುಮ್ಮನೆ ಕುಳಿತಿದ್ದರೂ ಎದೆ ಓಡಿಬಂದವನ ಎದೆಯಂತೆ ಹೊಡೆದುಕೊಳ್ಳುವುದು. ಕಾಫಿಯ ಲೋಟ ಕೈಯಲ್ಲಿ ನಡುಗುವುದು. ಎಲ್ಲರೂ ಹೊದೆದು ಮಲಗುವ ರಾತ್ರಿಯಲ್ಲಿ ನಾನೊಬ್ಬನೇ ಬೆವರುವುದು. ಎರಡು ಹೊತ್ತು ಚೆನ್ನಾಗಿ ಉಂಡರೂ ಅಂಗಿ ದಿನೇ ದಿನೇ ಸಡಿಲವಾಗುವುದು. ರಕ್ತವನ್ನು ಪರೀಕ್ಷಿಸಿದಾಗ ಥೈರಾಯ್ಡ್ ಗ್ರಂಥಿಯು ಅಳತೆ ಮೀರಿ ದುಡಿಯುತ್ತಿದೆಯೆಂದು ತಿಳಿಯಿತು. ಕಾರ್ಬಿಮಾಜೋಲ್ ಎಂಬ ಮಾತ್ರೆಯಿಂದ ಕೆಲವು ತಿಂಗಳುಗಳಲ್ಲಿ ಎದೆಯ ಓಟ ಇಳಿಯಿತು; ಮೈ ಮೊದಲಿನಂತಾಯಿತು. ಬೇನೆ ತೀರಿತೆಂದು ಮನೆಯವರೆಲ್ಲ ಸಮಾಧಾನಪಟ್ಟರು.

ಆಗಲೇ ಕಣ್ಣಿನ ಸರದಿ ಬಂದದ್ದು. ಬೆಳಗ್ಗೆ ಏಳುವಾಗ ರೆಪ್ಪೆಗಳು ಊದಿ, ಕಣ್ಣಿನೊಳಗೆ ಹೊಯಿಗೆ ಬಿದ್ದಂತೆ ಆಗುತ್ತಿತ್ತು. ಗಾಳಿ ಸೋಕಿದರೆ ನೀರು ಸುರಿಯುವುದು. ಪೇಟೆಯಲ್ಲಿ ಮೊದಲು ತೋರಿಸಿದ ಕಡೆ ಧೂಳಿನ ಅಲರ್ಜಿಯೆಂದು ಹೇಳಿ ಒಂದು ಸೀಸೆ ಹನಿಯನ್ನು ಕೊಟ್ಟರು. ಅದು ಮುಗಿದ ಮೇಲೆ ಇನ್ನೊಂದನ್ನು ಕೊಟ್ಟರು. ಅಷ್ಟರಲ್ಲಿ ಮೇಲಿನ ರೆಪ್ಪೆಗಳು ಮೇಲಕ್ಕೆ ಸರಿದು, ಕಪ್ಪಿನ ಮೇಲುಗಡೆಯೂ ಬಿಳುಪು ಕಾಣತೊಡಗಿತ್ತು. ಕಣ್ಣುಗುಡ್ಡೆಗಳು ಮುಂದಕ್ಕೆ ಬಂದಿದ್ದವು. ದಿನವೂ ಜೊತೆಯಲ್ಲಿರುವವರಿಗೆ ಇದು ತೋರಲಿಲ್ಲ. ತಿಂಗಳಿಗೊಮ್ಮೆ ಕಾಣುವವರಿಗೆ ತೋರಿತು. ಅಂಗಡಿಯ ಜಗಲಿಯಲ್ಲಿ ಹಳೆಯ ಪರಿಚಯದವರೊಬ್ಬರು, "ಹೋಯ್ ಮಾಷ್ಟ್ರೆ, ಎಂತಕ್ ಅಷ್ಟ್ ಸಿಟ್ಟ್?" ಎಂದು ಕೇಳಿದರು. ನನಗೆ ಸಿಟ್ಟು ಇರಲಿಲ್ಲ. ಅವರ ಮಗನ ಮದುವೆ ಯಾವಾಗವೆಂದು ವಿಚಾರಿಸಲು ಹೋಗಿದ್ದೆನು. ಕೊನೆಗೆ ಬ್ರಹ್ಮಾವರಕ್ಕೆ ಕೊಟ್ಟ ಮಗಳು ನನ್ನ ಹಳೆಯ ಭಾವಚಿತ್ರವೊಂದನ್ನು ಪಕ್ಕಕ್ಕೆ ಹಿಡಿದು ನೋಡಿ, "ಅಪ್ಪಯ್ಯ, ಇದು ಧೂಳಲ್ಲ" ಎಂದಳು. ಮಣಿಪಾಲಕ್ಕೆ ಕರೆದುಕೊಂಡು ಹೋದಳು. ಆ ಹಳೆಯ ಭಾವಚಿತ್ರವನ್ನೇ ವೈದ್ಯರೂ ಮೊದಲು ಕೇಳಿದರು. ರೋಗನಿರ್ಣಯದಲ್ಲಿ ಇಂತಹ ಚಿತ್ರಕ್ಕೆ ಬಹಳ ಬೆಲೆಯುಂಟೆಂದು ಆ ದಿನ ತಿಳಿಯಿತು.

ಈ ಬೇನೆಯ ಸ್ವರೂಪವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯ. ಕೊರಳಿನ ಈ ಗ್ರಂಥಿಗೆ ಹೆಸರಿಟ್ಟವನು ಇಂಗ್ಲೆಂಡಿನ ಥಾಮಸ್ ವಾರ್ಟನ್, ಅದು ೧೬೫೬ರಲ್ಲಿ. ಗ್ರೀಕರ ಭಾಷೆಯಲ್ಲಿ ಗುರಾಣಿಯ ಆಕಾರದ್ದು ಎಂದು ಅದರ ಅರ್ಥ. ಕೊರಳನ್ನು ದುಂಡಗೆ ಮಾಡಿ ಅದಕ್ಕೆ ಚೆಲುವನ್ನು ಕೊಡುವುದೂ ಈ ಗ್ರಂಥಿಯ ಕೆಲಸವೆಂದು ಆತನು ಎಣಿಸಿದ್ದನು. ನನ್ನ ಪಾಲಿಗೆ ಅದು ಮಾಡಿದ ಉಪಕಾರವನ್ನು ಆತನು ಕಾಣಲಿಲ್ಲ. ನಮ್ಮ ಸುಶ್ರುತಸಂಹಿತೆಯಲ್ಲಿ ಗಳಗಂಡವನ್ನು ನಿದಾನಸ್ಥಾನದಲ್ಲಿ ಹೇಳಿದೆ. ನೇತ್ರರೋಗಗಳನ್ನು ಉತ್ತರತಂತ್ರದಲ್ಲಿ ೭೬ ಎಂದು ಎಣಿಸಿದೆ. ಕೊರಳಿನ ಬಾವು, ಎದೆಯ ಬಡಿತ, ಹೊರಬಂದ ಕಣ್ಣು ಇವು ಒಂದೇ ಬೇನೆಯ ಅಂಗಗಳೆಂದು ಪಾಶ್ಚಾತ್ಯ ವೈದ್ಯರಲ್ಲಿ ಸ್ಪಷ್ಟವಾದುದು ೧೯ನೆಯ ಶತಮಾನದಲ್ಲಿ. ಬಾತ್ ಪಟ್ಟಣದ ಪ್ಯಾರಿ ಎಂಬವರ ಟಿಪ್ಪಣಿಗಳು ಅವರು ತೀರಿಕೊಂಡ ಮೇಲೆ ೧೮೨೫ರಲ್ಲಿ ಅಚ್ಚಾದವು. ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್ ೧೮೩೫ರಲ್ಲಿಯೂ, ಜರ್ಮನಿಯ ಬಾಸೆಡೋ ೧೮೪೦ರಲ್ಲಿಯೂ ಇದನ್ನು ವರ್ಣಿಸಿದರು. ಆದುದರಿಂದ ಒಂದು ದೇಶದಲ್ಲಿ ಇದು ಗ್ರೇವ್ಸರ ರೋಗ, ಇನ್ನೊಂದು ದೇಶದಲ್ಲಿ ಬಾಸೆಡೋ ಅವರ ರೋಗ.

ಇದರ ಮೂಲವು ಕೊರಳಿನಲ್ಲಿಯೂ ಇಲ್ಲ, ಕಣ್ಣಿನಲ್ಲಿಯೂ ಇಲ್ಲ. ಶರೀರದ ಕಾವಲಿನಲ್ಲಿ ಉಂಟು. ಹೊರಗಿನ ಶತ್ರುಗಳನ್ನು ಹೊಡೆಯಬೇಕಾದ ರಕ್ತದ ಕಾವಲುಗಾರರು ಸ್ವಂತ ಗ್ರಂಥಿಯನ್ನೇ ಹಿಡಿದು ಅದನ್ನು ಹಗಲಿರುಳು ದುಡಿಸುತ್ತಾರೆ. ಕಣ್ಣಿನ ಹಿಂದಿರುವ ಮೇದಸ್ಸಿನಲ್ಲಿಯೂ ಸ್ನಾಯುಗಳಲ್ಲಿಯೂ ಗ್ರಂಥಿಯಲ್ಲಿರುವಂತಹ ಗುರುತುಗಳೇ ಇರುವುದರಿಂದ ಕಾವಲುಗಾರರು ಅಲ್ಲಿಯೂ ನುಗ್ಗುತ್ತಾರೆ. ಆಗ ಆ ಭಾಗ ಊದುತ್ತದೆ. ಕಣ್ಣು ಇರುವ ಗೂಡು ಎಲುಬಿನದು; ಅದು ಹಿಗ್ಗುವಂತಿಲ್ಲ. ಹಿಂದೆ ಸ್ಥಳ ಸಾಲದಿದ್ದರೆ ಕಣ್ಣು ಮುಂದಕ್ಕೆ ಬಾರದೆ ಇನ್ನೆಲ್ಲಿಗೆ ಹೋದೀತು? ಗ್ರಂಥಿಗೆ ಮಾತ್ರೆ ಕೊಟ್ಟು ಅದು ಶಾಂತವಾದ ಮಾತ್ರಕ್ಕೆ ಕಣ್ಣೂ ಶಾಂತವಾಗಬೇಕೆಂಬ ನಿಯಮವಿಲ್ಲ. ಗ್ರಂಥಿಯ ಬೇನೆಯುಳ್ಳ ಎಲ್ಲರಿಗೂ ಕಣ್ಣಿನದು ಬರುವುದಿಲ್ಲ. ಬಂದವರಲ್ಲಿಯೂ ಹೆಚ್ಚಿನವರಿಗೆ ಅದು ಸೌಮ್ಯ. ಸ್ತ್ರೀಯರಿಗೆ ಬರುವುದು ಹೆಚ್ಚು. ಪುರುಷರಿಗೆ ಬಂದರೆ ಉಗ್ರವಾಗುವ ಸಂಭವ ಹೆಚ್ಚು.

"ಸಮುದ್ರದ ದಡದಲ್ಲಿ ಇದ್ದವರಿಗೆ ಕೊರಳಿನ ಬೇನೆ ಹೇಗೆ ಬಂತು?" ಎಂದು ನನ್ನನ್ನು ಕೇಳಿದವರು ಬಹಳ ಜನ. ಈ ಪ್ರಶ್ನೆಯಲ್ಲಿ ಎರಡು ರೋಗಗಳು ಒಂದಾಗಿ ಬೆರೆತಿವೆ. ಅಯೋಡಿನ್ ಸಾಲದೆ ಬರುವ ಗಳಗಂಡವು ಬೇರೆ. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ೧೯೫೬ರಿಂದ ನಡೆದ ಪ್ರಯೋಗದಲ್ಲಿ, ಉಪ್ಪಿಗೆ ಅಯೋಡಿನ್ ಸೇರಿಸಿದರೆ ಅದು ಇಳಿಯುತ್ತದೆಂದು ಡಾಕ್ಟರ್ ವಿ. ರಾಮಲಿಂಗಸ್ವಾಮಿಯವರೂ ಸಂಗಡಿಗರೂ ತೋರಿಸಿಕೊಟ್ಟರು. ನನ್ನ ಬೇನೆ ಉಪ್ಪಿನ ಕೊರತೆಯದಲ್ಲ. ಆದುದರಿಂದ ಗಂಗೊಳ್ಳಿಯ ಮೀನಾಗಲಿ ಪೇಟೆಯ ಅಯೋಡಿನ್ ಉಪ್ಪಾಗಲಿ ಅದನ್ನು ತಡೆಯಲಾರದು. ತಡೆಯಲು ನಮ್ಮ ಕೈಯಲ್ಲಿರುವ ದೊಡ್ಡ ಉಪಾಯ ಒಂದೇ, ಅದು ತಂಬಾಕಿನ ಹೊಗೆಯನ್ನು ಬಿಡುವುದು. ಬೀಡಿ ಸಿಗರೇಟು ಸೇದುವವರಿಗೆ ಈ ಕಣ್ಣಿನ ಬೇನೆ ಹೆಚ್ಚಾಗಿ ಬರುತ್ತದೆ, ಬಂದರೆ ಉಲ್ಬಣಿಸುತ್ತದೆ, ಔಷಧಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಸೇದುವ ಅಭ್ಯಾಸ ನನಗೆ ಎಂದೂ ಇರಲಿಲ್ಲ. ಆದರೂ ಇತರರು ಸೇದುವ ಜಗಲಿಯಿಂದ ದೂರವಿರಬೇಕೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಸಂಜೆಯ ಹರಟೆಯ ಗೋಷ್ಠಿಯೊಂದು ಹೀಗೆ ನನಗೆ ತಪ್ಪಿತು.

ಇನ್ನು ಶೀರ್ಷಿಕೆಯ ವಿಷಯ. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿ ಅಧ್ಯಾಸವನ್ನು ವಿವರಿಸುವಾಗ ಲೋಕಾನುಭವದಿಂದ ಎರಡು ದೃಷ್ಟಾಂತಗಳನ್ನು ಕೊಡುತ್ತಾರೆ: ಕಪ್ಪೆಚಿಪ್ಪು ಬೆಳ್ಳಿಯಂತೆ ತೋರುವುದು ಒಂದು, ಒಬ್ಬನೇ ಚಂದ್ರನು ಇಬ್ಬರಂತೆ ತೋರುವುದು ಇನ್ನೊಂದು. ಪಾಠಶಾಲೆಯಲ್ಲಿ ನಮಗೆ ಇದನ್ನು ಹೇಳಿದ ಗುರುಗಳು ಹುಣ್ಣಿಮೆಯ ರಾತ್ರಿ ನಮ್ಮನ್ನು ಅಂಗಳಕ್ಕೆ ಕರೆದು, ಕಣ್ಣಿನ ಮಗ್ಗುಲನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿರೆಂದರು. ಚಂದ್ರನು ಇಬ್ಬರಾದನು, ಬೆರಳನ್ನು ತೆಗೆದೊಡನೆ ಒಬ್ಬನಾದನು. "ಚಿಪ್ಪೆಂದು ತಿಳಿದ ಮೇಲೆ ಬೆಳ್ಳಿ ತೋರುವುದಿಲ್ಲ. ಚಂದ್ರನು ಒಬ್ಬನೇ ಎಂದು ತಿಳಿದ ಮೇಲೆಯೂ ಬೆರಳು ಇರುವಷ್ಟು ಕಾಲ ಇಬ್ಬರು ತೋರುತ್ತಾರೆ. ಈ ಭೇದವನ್ನು ನೆನಪಿಡಿರಿ" ಎಂದು ಅವರು ಹೇಳಿದರು. ಹುಡುಗರಾದ ನಾವು ನಕ್ಕು ಮಲಗಲು ಹೋದೆವು.

೨೦೨೨ರ ಬೇಸಗೆಯಲ್ಲಿ ಒಂದು ರಾತ್ರಿ ಅಂಗಳದಲ್ಲಿ ನಿಂತು ತಲೆಯೆತ್ತಿದಾಗ, ತೆಂಗಿನ ಮರಗಳ ಮೇಲೆ ಒಬ್ಬ ಚಂದ್ರನ ತಲೆಯ ಮೇಲೆ ಇನ್ನೊಬ್ಬ ಚಂದ್ರನು ಕುಳಿತಿದ್ದನು. ನನ್ನ ಕೈಗಳೆರಡೂ ಕೆಳಗಿದ್ದವು. ಈ ಸಲ ಬೆರಳು ಒಳಗಿನಿಂದ ಒತ್ತುತ್ತಿತ್ತು, ಅದನ್ನು ತೆಗೆಯುವ ಶಕ್ತಿ ನನಗಿರಲಿಲ್ಲ. ಕಣ್ಣನ್ನು ಕೆಳಕ್ಕೆ ಎಳೆಯುವ ಸ್ನಾಯುವು ಊದಿ ಬಿಗಿದು, ಕಣ್ಣು ಮೇಲಕ್ಕೆ ಏಳಲು ಬಿಡುತ್ತಿರಲಿಲ್ಲವಂತೆ. ಈ ಬೇನೆಯಲ್ಲಿ ಮೊದಲು ಕೆಡುವುದು ಸಾಮಾನ್ಯವಾಗಿ ಆ ಸ್ನಾಯುವೇ. ಆದುದರಿಂದ ಆಕಾಶವು ನನಗೆ ಮೊದಲು ಎರಡಾಯಿತು. ಬಳಿಕ ಬಸ್ಸಿನ ಹಲಗೆ, ಮಾತನಾಡುವವರ ಮುಖ, ಕೊನೆಗೆ ಮೇಜಿನ ಮೇಲಿನ ಪುಸ್ತಕದ ಸಾಲು. ಗದ್ದವನ್ನು ಮೇಲೆತ್ತಿ ಕೆಳದೃಷ್ಟಿಯಿಂದ ನೋಡಿದರೆ ಎರಡು ಬಿಂಬಗಳು ಕೂಡಿ ಒಂದಾಗುತ್ತಿದ್ದವು. ಇದರಿಂದ ಇನ್ನೊಂದು ತೊಡಕು ಹುಟ್ಟಿತು. ಕಣ್ಣು ಕೋಪವನ್ನು ತೋರುವುದರ ಜೊತೆಗೆ, ಎತ್ತಿದ ಗದ್ದವು ಗರ್ವವನ್ನು ತೋರತೊಡಗಿತು. ಮಾಷ್ಟ್ರಿಗೆ ಪಿಂಚಣಿ ಬಂದ ಮೇಲೆ ತಲೆ ನಿಲ್ಲುತ್ತಿಲ್ಲವೆಂದು ಯಾರೋ ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು.

ನನಗೆ ನಿಜವಾಗಿ ಭಯವಾದುದು ಪುಸ್ತಕದ ವಿಷಯದಲ್ಲಿ. ಓದುವುದೊಂದನ್ನು ಬಿಟ್ಟು ವೃದ್ಧಾಪ್ಯಕ್ಕೆ ನಾನು ಬೇರೇನನ್ನೂ ಕೂಡಿಟ್ಟಿರಲಿಲ್ಲ. ಊದಿದ ಸ್ನಾಯುಗಳು ಗೂಡಿನ ಹಿಂಬದಿಯಲ್ಲಿ ದೃಷ್ಟಿಯ ನರವನ್ನು ಅಮುಕಿದರೆ ದೃಷ್ಟಿಯೇ ಹೋಗಬಹುದೆಂದು ವೈದ್ಯರು ಮರೆಮಾಚದೆ ಹೇಳಿದರು. ಹಾಗಾಗುವುದು ಕೆಲವರಿಗೆ ಮಾತ್ರ; ಆದರೆ ಆದಾಗ ಒಂದು ದಿನವನ್ನೂ ಕಳೆಯತಕ್ಕದ್ದಲ್ಲ. ಅದರ ಮುನ್ಸೂಚನೆ ಬಣ್ಣಗಳು ಮಾಸುವುದು, ಅದರಲ್ಲಿಯೂ ಕೆಂಪು. ಹೀಗಾಗಿ ದಿನವೂ ಬೆಳಗ್ಗೆ ಅಂಗಳದ ಕೆಂಪು ದಾಸವಾಳದ ಮುಂದೆ ನಿಂತು, ಒಂದು ಕಣ್ಣನ್ನು ಮುಚ್ಚಿ ಇನ್ನೊಂದರಿಂದ, ಮತ್ತೆ ಅದನ್ನು ಮುಚ್ಚಿ ಇದರಿಂದ ನೋಡುವುದು ನನ್ನ ನಿತ್ಯಕರ್ಮದಲ್ಲಿ ಸೇರಿತು. ಎರಡರಲ್ಲಿಯೂ ಕೆಂಪು ಕೆಂಪಾಗಿ ಕಂಡರೆ ಆ ದಿನಕ್ಕೆ ನಿಶ್ಚಿಂತೆ.

ಅದೇ ವರ್ಷ ರಕ್ತನಾಳದ ಮೂಲಕ ಸ್ಟೀರಾಯ್ಡ್ ಔಷಧವನ್ನು ವಾರಕ್ಕೊಮ್ಮೆಯಂತೆ ೧೨ ವಾರ ಕೊಟ್ಟರು. ಮೊದಲಿನ ಆರು ವಾರ ೫೦೦ ಮಿಲಿಗ್ರಾಮ್, ಅನಂತರದ ಆರು ವಾರ ೨೫೦. ಸಕ್ಕರೆ ಏರುತ್ತದೆಯೇ, ಪಿತ್ತಜನಕಾಂಗ ಸರಿಯಾಗಿದೆಯೇ ಎಂದು ನಡುನಡುವೆ ಪರೀಕ್ಷೆ. ಆ ಹನ್ನೆರಡು ಪ್ರಯಾಣಗಳಲ್ಲಿ ಮರವಂತೆಯ ದಾರಿ ನನಗೆ ಮರೆಯದು. ಒಂದು ಕಡೆ ಸಮುದ್ರ, ಒಂದು ಕಡೆ ಸೌಪರ್ಣಿಕೆ; ಇಕ್ಕೆಲದಿಂದಲೂ ಬಿಸಿಲು ನೀರಿಗೆ ಹೊಡೆದು ಕಣ್ಣಿಗೆ ಚುಚ್ಚುವುದು. ದೇಶಾಂತರದವರು ಬಸ್ಸು ನಿಲ್ಲಿಸಿ ನೋಡುವ ಆ ನೋಟವನ್ನು ನಾನು ಕಪ್ಪು ಕನ್ನಡಕದ ಹಿಂದೆ ಕಣ್ಣು ಮುಚ್ಚಿಕೊಂಡು ದಾಟುತ್ತಿದ್ದೆನು. ಬಾವೂ ನೋವೂ ಕೆಂಪೂ ಇಳಿದವು; ಎರಡು ಚಂದ್ರರು ಮಾತ್ರ ಉಳಿದರು.

ಈ ಬೇನೆಯೊಡನೆ ಬಾಳುವುದು ಬಹುಪಾಲು ಸಣ್ಣ ಸಣ್ಣ ನಿಯಮಗಳ ಕೆಲಸ. ರೆಪ್ಪೆ ಪೂರ್ತಿ ಮುಚ್ಚದ ಕಣ್ಣು ಬೇಗ ಒಣಗುತ್ತದೆ. ಆದುದರಿಂದ ಹಗಲು ನಾಲ್ಕಾರು ಸಲ ಕೃತಕ ಕಣ್ಣೀರಿನ ಹನಿ, ಮಲಗುವಾಗ ಜೆಲ್ಲಿನ ಮುಲಾಮು. ತಲೆದಿಂಬು ಎರಡು, ತಲೆ ಎತ್ತರದಲ್ಲಿದ್ದರೆ ಬೆಳಗಿನ ಬಾವು ಕಡಿಮೆ. ಫ್ಯಾನಿನ ಗಾಳಿ ಮುಖಕ್ಕೆ ನೇರವಾಗಿ ಹೊಡೆಯಬಾರದು. ಎರಡಾಗಿ ಕಾಣುವವನು ವಾಹನವನ್ನು ನಡೆಸಕೂಡದು. ನನ್ನ ಸ್ಕೂಟರು ಅಳಿಯನ ಮನೆ ಸೇರಿತು. ಮೆಟ್ಟಿಲು ಇಳಿಯುವಾಗ ಒಂದು ಕಣ್ಣನ್ನು ಮುಚ್ಚಿಕೊಂಡರೆ ಮೆಟ್ಟಿಲು ತಾನಿದ್ದಷ್ಟೇ ಕಾಣುತ್ತದೆ. ಕನ್ನಡಕದ ಗಾಜಿಗೆ ಅಂಟಿಸುವ ಪ್ರಿಸಂ ಎಂಬ ತೆಳುಹಾಳೆಯೊಂದುಂಟು. ಅದು ಬಿಂಬವನ್ನು ಸರಿಸಿ ಎರಡನ್ನು ಕೂಡಿಸುತ್ತದೆ, ಸ್ವಲ್ಪ ಮಸುಕು ಮಾಡುತ್ತದೆ. ಓದಲು ನನಗೆ ಹೆಚ್ಚು ಒದಗಿದುದು ಅಟ್ಟದಲ್ಲಿದ್ದ ವ್ಯಾಸಪೀಠ. ನೆಲದ ಮೇಲೆ ಕುಳಿತು, ಪುಸ್ತಕವನ್ನು ಕೆಳಗಿಟ್ಟು, ದೃಷ್ಟಿಯನ್ನು ಬಗ್ಗಿಸಿ ಓದುವ ಪಾಠಶಾಲೆಯ ಹಳೆಯ ಕ್ರಮದಲ್ಲಿ ಸಾಲುಗಳು ಒಂದಾಗಿಯೇ ನಿಲ್ಲುತ್ತವೆ. ಮೇಜು ಕುರ್ಚಿಗಳಿಂದ ಹೀಗೆ ನಾನು ಮತ್ತೆ ನೆಲಕ್ಕೆ ಇಳಿದೆನು.

ಮಾತ್ರೆಗಳ ವಿಷಯದಲ್ಲಿ ಎರಡು ಎಚ್ಚರಿಕೆಗಳು. ಕಾರ್ಬಿಮಾಜೋಲ್ ತೆಗೆದುಕೊಳ್ಳುವವರಿಗೆ ಜ್ವರ ಬಂದು ಗಂಟಲು ನೋಯತೊಡಗಿದರೆ ಮಾತ್ರೆಯನ್ನು ನಿಲ್ಲಿಸಿ ಅದೇ ದಿನ ರಕ್ತವನ್ನು ಪರೀಕ್ಷಿಸಿಕೊಳ್ಳಬೇಕು. ಬಿಳಿಯ ರಕ್ತಕಣಗಳು ಕುಸಿಯುವುದು ಅಪರೂಪವಾದರೂ ಅಪಾಯಕರ. ಗ್ರಂಥಿಯನ್ನು ಶಮನಗೊಳಿಸಲು ವಿಕಿರಣದ ಅಯೋಡಿನ್ ಕುಡಿಸುವ ಚಿಕಿತ್ಸೆಯೂ ಉಂಟು. ಕಣ್ಣಿನ ಬೇನೆ ಇದ್ದವರಲ್ಲಿ ಅದು ಕಣ್ಣನ್ನು ಕೆರಳಿಸಬಹುದಾದುದರಿಂದ ಕಣ್ಣಿನ ಸಂಗತಿಯನ್ನು ಮೊದಲೇ ಹೇಳಬೇಕು. ಸೆಲೆನಿಯಮ್ ಎಂಬ ಲವಣಧಾತುವನ್ನು ಆರು ತಿಂಗಳು ಸೇವಿಸಿದರೆ ಸೌಮ್ಯವಾದ ಬೇನೆಗೆ ಗುಣವುಂಟೆಂದು ಯೂರೋಪಿನ ಪ್ರಯೋಗವೊಂದು ೨೦೧೧ರಲ್ಲಿ ತೋರಿಸಿತು. ಅದನ್ನೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳತಕ್ಕದ್ದು. ೨೦೨೦ರಲ್ಲಿ ಅಮೆರಿಕೆಯಲ್ಲಿ ಈ ರೋಗಕ್ಕೆಂದೇ ಟೆಪ್ರೊಟುಮುಮಾಬ್ ಎಂಬ ಔಷಧಕ್ಕೆ ಅನುಮತಿ ದೊರೆಯಿತು. ಅದರ ಬೆಲೆ ಉಪಾಧ್ಯಾಯನ ಪಿಂಚಣಿಯ ಲೆಕ್ಕಕ್ಕೆ ಸಿಕ್ಕತಕ್ಕದ್ದಲ್ಲ.

ಮುಖದ ಮಾತಿಗೆ ಮತ್ತೆ ಬರುತ್ತೇನೆ. ಔಷಧಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಳವಿಲ್ಲ. ಬ್ರಹ್ಮಾವರದಿಂದ ಬಂದ ನಾಲ್ಕು ವರ್ಷದ ಮೊಮ್ಮಗಳು ನನ್ನನ್ನು ನೋಡಿ ತಾಯಿಯ ಸೆರಗಿನಲ್ಲಿ ಮುಖ ಮರೆಸಿದಳು. "ಅಜ್ಜಯ್ಯ ಬಣ್ಣದ ವೇಷ" ಎಂದಳು. ಯಕ್ಷಗಾನ ನೋಡಿ ಬೆಳೆದ ಸೀಮೆಯ ಮಗುವಿಗೆ ಬೇರೆ ಉಪಮಾನ ಹೇಗೆ ಸಿಕ್ಕೀತು? ವೇಷಧಾರಿಯು ಬೆಳಗಿನ ಜಾವ ಚೌಕಿಗೆ ಹೋಗಿ ಬಣ್ಣ ತೊಳೆದರೆ ನಮ್ಮಂತಹ ಮನುಷ್ಯನಾಗುತ್ತಾನೆ. ನನಗೆ ಚೌಕಿ ಇಲ್ಲವೆಂಬ ದುಃಖವು ಆ ರಾತ್ರಿ ಬಲವಾಗಿ ಹಿಡಿಯಿತು. ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟೆನು. ಭಾವಚಿತ್ರ ತೆಗೆಯುವಾಗ ಹಿಂದೆ ಸರಿಯುತ್ತಿದ್ದೆನು.

ಇದರಿಂದ ನನ್ನನ್ನು ಎತ್ತಿದವಳು ನನ್ನ ಪತ್ನಿ. ಮೊಮ್ಮಗಳನ್ನು ಮಡಿಲಲ್ಲಿ ಕುಳ್ಳಿರಿಸಿಕೊಂಡು, "ಅಜ್ಜಯ್ಯನಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಎಂದು ಕಣ್ಣು ನೋಡಿ ಹೇಳಬೇಡ, ಸ್ವರ ಕೇಳಿ ಹೇಳು" ಎಂದಳು. ಮಗು ಕಣ್ಣು ಮುಚ್ಚಿಕೊಂಡಿತು. ನಾನು ಕಥೆ ಹೇಳಿದೆನು. ಕಥೆ ಮುಗಿಯುವಷ್ಟರಲ್ಲಿ ಅದು ನನ್ನ ತೊಡೆಯ ಮೇಲಿತ್ತು. ನನ್ನ ಕಣ್ಣು ಮೊದಲಿನಂತೆಯೇ ಇತ್ತು. ಅದನ್ನು ಕಂಡರೆ ಮಗುವಿನ ಮನಸ್ಸು ಈಗಲೂ ಒಂದು ಕ್ಷಣ ಬೆದರುವುದೆಂದು ನಾನು ಬಲ್ಲೆ. ಬೆದರಿದರೂ ಅದು ಓಡಿ ಬರುತ್ತದೆ. ಗುರುಗಳು ಅಂಗಳದಲ್ಲಿ ಹೇಳಿದ ಭೇದದ ಅರ್ಥ ನನಗೆ ಆಗಲೇ ಸ್ಪಷ್ಟವಾದುದು. ತಿಳಿವಿನಿಂದ ಎಲ್ಲ ತೋರಿಕೆಗಳೂ ಅಳಿಯುವುದಿಲ್ಲ. ಕೆಲವು ಉಳಿದೇ ಉಳಿಯುತ್ತವೆ. ಅಂಥಲ್ಲಿ ತಿಳಿವಿನ ಕೆಲಸವು ತೋರಿಕೆಯನ್ನು ನಂಬದೆ ನಡೆಯುವುದು. ಎರಡು ಮೆಟ್ಟಿಲು ಕಂಡಾಗ ಇರುವ ಒಂದರ ಮೇಲೆ ಕಾಲಿಡುವುದು ನನ್ನ ಸಾಧನೆ. ಕೋಪ ಕಂಡಾಗ ಇಲ್ಲದ ಕೋಪಕ್ಕೆ ಉತ್ತರ ಕೊಡದಿರುವುದು ನನ್ನವರ ಸಾಧನೆ. ಅಂದಿನಿಂದ ಯಾರಾದರೂ ದಿಟ್ಟಿಸಿ ನೋಡಿದರೆ ನಾನೇ ಮೊದಲು, "ಇದು ಥೈರಾಯ್ಡಿನ ಕಣ್ಣು, ಒಳಗಿರುವವನು ಹಳಬನೇ" ಎಂದು ಹೇಳುತ್ತೇನೆ. ಜನರು ನಗುತ್ತಾರೆ, ಮಾತು ಸರಾಗವಾಗುತ್ತದೆ. ಮದುವೆಗಳಿಗೂ ಹೋಗುತ್ತಿದ್ದೇನೆ.

ಈ ಬೇನೆಗೆ ಒಂದು ಏರು, ಒಂದು ಇಳಿವು, ಬಳಿಕ ಒಂದು ಸಮಸ್ಥಿತಿ ಉಂಟು. ೧೯೪೫ರಲ್ಲಿ ರಂಡಲ್ ಎಂಬ ವೈದ್ಯರು ಇದನ್ನು ರೇಖೆಯಾಗಿ ಬರೆದು ತೋರಿಸಿದರು. ಏರುವ ಕಾಲವು ಸಾಮಾನ್ಯವಾಗಿ ಒಂದೆರಡು ವರ್ಷ, ಕೆಲವರಿಗೆ ಮೂರು. ದೃಷ್ಟಿಗೆ ಅಪಾಯ ಒದಗಿದ ಹೊರತು, ಅದು ತಣಿಯುವ ಮುನ್ನ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಮಾಡುವಾಗಲೂ ಕ್ರಮವುಂಟು: ಎಲುಬಿನ ಗೂಡನ್ನು ಸಡಲಿಸುವುದು ಮೊದಲು, ಸ್ನಾಯುಗಳನ್ನು ಸರಿಪಡಿಸುವುದು ಆಮೇಲೆ, ರೆಪ್ಪೆಗಳದ್ದು ಕೊನೆಗೆ. ಮೊದಲನೆಯದು ನನಗೆ ಬೇಕಾಗಿಲ್ಲ. ೨೦೨೪ರಿಂದ ಬೇನೆ ತಣ್ಣಗಿರುವುದರಿಂದ ಸ್ನಾಯುವಿನ ಶಸ್ತ್ರಚಿಕಿತ್ಸೆಗೆ ಒಪ್ಪಿದ್ದೇನೆ. ಮುಂದೆ ನೋಡುವಾಗಲೂ ಓದುವಾಗಲೂ ಒಂದೇ ಬಿಂಬ ದೊರಕಿಸುವುದು ಅದರ ಗುರಿ. ತೀರ ಮೇಲಕ್ಕೆ ನೋಡಿದರೆ ಎರಡು ಉಳಿಯಬಹುದೆಂದು ಹೇಳಿದ್ದಾರೆ. ಪುಸ್ತಕದ ಸಾಲು ಒಂದಾದರೆ ನನಗೆ ಸಾಕು. ಆಕಾಶದಲ್ಲಿ ಚಂದ್ರನು ಇಬ್ಬರಾಗಿಯೇ ಇರಲಿ.

ವಾಚಕರ ಮನೆಗಳಲ್ಲಿ ಯಾರಿಗಾದರೂ ಎದೆಬಡಿತ, ನಡುಕ, ಕಾರಣವಿಲ್ಲದೆ ಸೊರಗುವುದು ಕಂಡರೆ ರಕ್ತಪರೀಕ್ಷೆ ಮಾಡಿಸಿರಿ. ವಾಸಿಯಾಗದ ಕಣ್ಣಿನ ಕೆಂಪಿದ್ದರೆ ಹಳೆಯ ಭಾವಚಿತ್ರವೊಂದನ್ನು ಪಕ್ಕಕ್ಕಿಟ್ಟು ನೋಡಿರಿ. ಹೊಗೆಯ ಅಭ್ಯಾಸವಿದ್ದರೆ ಇಂದೇ ಬಿಡಿಸಿರಿ. ಬಣ್ಣ ಮಾಸಿದರೆ ರಾತ್ರಿಯಾದರೂ ಹೊರಡಿರಿ. ಬೇನೆ ಬಂದವರೊಡನೆ ಮಾತನಾಡುವಾಗ ಅವರ ಕಣ್ಣಿನಲ್ಲಿ ಕಾಣುವ ಭಾವಕ್ಕೆ ಉತ್ತರ ಕೊಡಬೇಡಿರಿ. ಅವರು ಆಡಿದ ಮಾತಿಗೆ ಉತ್ತರ ಕೊಡಿರಿ. ಅವರಿಗೆ ಅದೂ ಒಂದು ಔಷಧ.